ಕಡಲ ವಿಜ್ಞಾನಿ ಆಗಬೇಕಾ? ಉತ್ತರ ಕನ್ನಡದ ಹುಡುಗಿಯರಿಗೆ ಒಂದು ಕೈಪಿಡಿ

ಪಿಯುಸಿ ರಿಸಲ್ಟ್ ಬಂದ ಮೇಲೆ ಅಂಕೋಲಾ, ಕುಮಟಾ, ಹೊನ್ನಾವರ ಕಡೆಯ ಹುಡುಗಿಯರು ಕೇಳುವ ಪ್ರಶ್ನೆ ಇದು: "ಅಕ್ಕಾ, ಸಮುದ್ರದ ಬಗ್ಗೆ ಓದಬೇಕು ಅಂತಿದೆ, ಎಲ್ಲಿಂದ ಶುರು ಮಾಡಲಿ?" ಅವರ ಅಮ್ಮಂದಿರ ಪ್ರಶ್ನೆ ಬೇರೆ. ಅದರಲ್ಲಿ ನೌಕರಿ ಇದೆಯಾ, ಹಡಗಿನಲ್ಲಿ ಹೆಣ್ಣುಮಕ್ಕಳು ಇರ್ತಾರಾ ಅಂತ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಎರಡಕ್ಕೂ ನನಗೆ ತಿಳಿದಷ್ಟು ಇಲ್ಲಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸಂಶೋಧನೆ ಮಾಡುವುದನ್ನೂ ಅದನ್ನು ಊರವರಿಗೆ ಹೇಳುವುದನ್ನೂ ಒಟ್ಟಿಗೇ ಕಲಿಯಿರಿ. ಮೊದಲು ವಿಜ್ಞಾನಿ ಆಗ್ತೇನೆ, ಹೇಳುವುದು ಬರೆಯುವುದು ಎಲ್ಲ ಆಮೇಲೆ ಅಂದರೆ ಆ ಆಮೇಲೆ ಬರುವುದೇ ಇಲ್ಲ. ನಮ್ಮ ಸ್ಯಾಂಪಲ್ ಬರುವುದು ಕಾರವಾರದ ಬೈತಖೋಲದ ಬೋಟಿನಿಂದ, ತದಡಿಯ ಬಂದರಿನಿಂದ, ಅಘನಾಶಿನಿಯಲ್ಲಿ ಸೊಂಟದ ಮಟ್ಟ ನೀರಲ್ಲಿ ನಿಂತು ಬಳಚು ಅನ್ನುವ ಚಿಪ್ಪುಮೀನು ಹೆಕ್ಕುವ ಹೆಂಗಸರ ಬುಟ್ಟಿಯಿಂದ. ಉತ್ತರ ಮಾತ್ರ ಇಂಗ್ಲಿಷ್ ಜರ್ನಲ್ ಸೇರಿ ಅಲ್ಲೇ ಉಳಿದುಬಿಡುತ್ತದೆ. ನೀವು ಈ ಕೆಲಸಕ್ಕೆ ಬರುವುದಾದರೆ ಇದನ್ನು ಬದಲಿಸುವ ಮನಸ್ಸು ಇಟ್ಟುಕೊಂಡೇ ಬನ್ನಿ.

ದಂಡೆಯಿಂದಲೇ ಶುರು ಮಾಡಿ

ಡಿಗ್ರಿಗೆ ಕಾಯಬೇಡಿ. ಒಂದು ನೋಟ್‌ಬುಕ್ ತಗೊಳ್ಳಿ. ದಿನಾಂಕ, ಹೊತ್ತು, ತಿಥಿ, ಭರತಿಯೋ ಇಳಿತವೋ, ಗಾಳಿ ಯಾವ ಕಡೆಯದು, ನೀರಿನ ಬಣ್ಣ, ಅವತ್ತು ಬಂದರಿಗೆ ಬಂದ ಮೀನು. ಇಷ್ಟು ಸಾಕು. ವಾರಕ್ಕೆ ಎರಡು ಸಲ ಬರೆದರೂ ಪರವಾಗಿಲ್ಲ, ಆದರೆ ಒಂದೇ ಜಾಗದಲ್ಲಿ ಬರೆಯಿರಿ, ಬಿಡದೆ ಬರೆಯಿರಿ. ಅಮಾವಾಸ್ಯೆ ಹುಣ್ಣಿಮೆಗೆ ಭರತಿ ಹೆಚ್ಚು ಅಂತ ನಮಗೆಲ್ಲ ಗೊತ್ತು. ಭರತಿ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ ಅನ್ನುವುದು ನಿಮ್ಮದೇ ನೋಟ್‌ಬುಕ್ಕಿನಲ್ಲಿ ಕಂಡರೆ ಆ ಖುಷಿಯೇ ಬೇರೆ.

ಇನ್ನೊಂದು ಸುಲಭದ ಸಾಧನ ಸೆಕಿ ತಟ್ಟೆ. 1865ರಲ್ಲಿ ಇಟಲಿಯ ಆಂಜೆಲೋ ಸೆಕಿ ಶುರು ಮಾಡಿದ್ದು. ಇವತ್ತಿಗೂ ವಿಜ್ಞಾನಿಗಳು ಬಳಸುತ್ತಾರೆ. 30 ಸೆಂಟಿಮೀಟರ್ ಅಗಲದ ತಗಡಿನ ಮುಚ್ಚಳಕ್ಕೆ ಬಿಳಿ ಪೇಂಟ್ ಬಳಿದು, ನಡುವೆ ತೂತು ಮಾಡಿ ಹಗ್ಗ ಕಟ್ಟಿ, ಕೆಳಗೆ ಭಾರ ಕೊಟ್ಟು, ಹಗ್ಗಕ್ಕೆ ಅರ್ಧ ಅರ್ಧ ಮೀಟರಿಗೆ ಗುರುತು ಹಾಕಿ. ಮಧ್ಯಾಹ್ನದ ಹೊತ್ತಿಗೆ ಜೆಟ್ಟಿಯ ನೆರಳಿನ ಬದಿಯಿಂದ ನಿಧಾನಕ್ಕೆ ಇಳಿಸಿ. ತಟ್ಟೆ ಕಾಣದಂತಾದ ಆಳ ಬರೆದುಕೊಳ್ಳಿ, ಮತ್ತೆ ಎಳೆಯುವಾಗ ಕಂಡ ಆಳ ಬರೆದುಕೊಳ್ಳಿ, ಎರಡರ ಸರಾಸರಿ ತೆಗೆಯಿರಿ. ನೀರು ಎಷ್ಟು ತಿಳಿ ಅನ್ನುವುದರ ಅಳತೆ ಅದು. ಕಾಳಿ ನದಿಯ ಮುಖದಲ್ಲಿ ಜುಲೈಯಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ ಅಳೆದು ನೋಡಿ. ಮಳೆಗಾಲದಲ್ಲಿ ದೊಡ್ಡವರು ಒಬ್ಬರು ಜೊತೆಗಿರಲಿ, ಇದರಲ್ಲಿ ರಾಜಿ ಬೇಡ.

ಮೀನು ಮಾರ್ಕೆಟ್ಟು ನಿಮ್ಮ ಮೊದಲ ಪ್ರಯೋಗಶಾಲೆ ಅಂದುಕೊಳ್ಳಿ. ತಾರ್ಲೆ (ಬೂತಾಯಿ) ಮೀನು ಸೀಳುವಾಗ ಮಾರುವ ಹೆಂಗಸರನ್ನು ಕೇಳಿ, ಗಾಬೋಳಿ, ಅಂದರೆ ಮೊಟ್ಟೆ, ಇದೆಯಾ ಅಂತ. ಹೊಟ್ಟೆ ಒತ್ತಿ ನೋಡಿಯೇ ಅವರು ಹೇಳುತ್ತಾರೆ. ಸೀಳಿದ ಮೇಲೆ ಎರಡು ಹಳದಿ ಚೀಲ ಉದ್ದಕ್ಕೆ ಕಾಣುತ್ತವೆ, ಹಣ್ಣಾದ ಮೊಟ್ಟೆಯಾದರೆ ಒಂದೊಂದು ಕಾಳೂ ಬೇರೆ ಬೇರೆಯಾಗಿ ಕಾಣುತ್ತದೆ, ಇನ್ನೂ ಎಳೆಯದಾದರೆ ಬರೀ ತೆಳ್ಳಗಿನ ನಾರು. ಮೂತಿಯಿಂದ ಬಾಲದ ತುದಿವರೆಗೆ ಸ್ಕೇಲಿಟ್ಟು ಉದ್ದ ಬರೆದುಕೊಳ್ಳಿ, ಪಕ್ಕದಲ್ಲಿ ಗಾಬೋಳಿ ಇತ್ತು ಅಥವಾ ಇಲ್ಲ ಅಂತ ಬರೆಯಿರಿ. ಮೀನುಗಾರಿಕೆ ವಿಜ್ಞಾನದಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳು ಮಾಡುವ ಕೆಲಸದ ಬೇರು ಇದೇ: ಎಷ್ಟು ಉದ್ದಕ್ಕೆ ಮೀನು ಬಲಿಯುತ್ತದೆ, ಯಾವ ತಿಂಗಳು ಮೊಟ್ಟೆ ಇಡುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ ಯಾಕೆ ಅನ್ನುವುದಕ್ಕೂ ಒಂದು ಉತ್ತರ ಇದರಲ್ಲೇ ಇದೆ. ನಮ್ಮ ಕಡೆಯ ಅನೇಕ ಮೀನುಗಳು ಮಳೆಗಾಲದಲ್ಲೇ ಹೆಚ್ಚಾಗಿ ಮೊಟ್ಟೆ ಇಡುತ್ತವೆ.

ಶಿರಸಿ, ಸಿದ್ದಾಪುರದ ಹುಡುಗಿಯರು ನಮಗೆ ಕಡಲೇ ಇಲ್ಲವಲ್ಲ ಅನ್ನಬೇಡಿ. ಅಘನಾಶಿನಿ ಹುಟ್ಟುವುದೇ ಶಿರಸಿಯ ಶಂಕರ ಹೊಂಡದಲ್ಲಿ. ಅದು ಉಂಚಳ್ಳಿಯಲ್ಲಿ ಧುಮುಕಿ, ಎಲ್ಲೂ ದೊಡ್ಡ ಅಣೆಕಟ್ಟಿಗೆ ಸಿಗದೆ ತದಡಿಯ ಹತ್ತಿರ ಕಡಲು ಸೇರುತ್ತದೆ. ಅಲ್ಲಿನ ಅಳಿವೆಗೆ 2024ರಲ್ಲಿ ರಾಮ್ಸರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶದ, ಮಾನ್ಯತೆ ಸಿಕ್ಕಿತು. ಘಟ್ಟದ ಮೇಲಿನ ಮಣ್ಣು, ಎಲೆಗೊಬ್ಬರ, ತೋಟಕ್ಕೆ ಹಾಕಿದ ಔಷಧಿ ಎಲ್ಲ ಕೊನೆಗೆ ಬಳಚಿನ ಹೊಟ್ಟೆಗೇ ಹೋಗುವುದು. ಮೇಲಿನ ಊರಿನ ಹಳ್ಳದ ನೀರು ಅಳೆಯುವ ಹುಡುಗಿಯೂ ಕಡಲ ವಿಜ್ಞಾನದ ಕೆಲಸವನ್ನೇ ಮಾಡುತ್ತಿರುತ್ತಾಳೆ.

10ರಿಂದ 17 ವರ್ಷದ ಮಕ್ಕಳಿಗೆ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಇದೆ. ನಮ್ಮಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ನಡೆಸಿಕೊಂಡು ಬಂದದ್ದು. ಈ ನೋಟ್‌ಬುಕ್ಕೇ ಅಲ್ಲಿಗೆ ಒಳ್ಳೆ ಪ್ರಾಜೆಕ್ಟ್ ಆಗುತ್ತದೆ. ಶಾಲೆಯ ವಿಜ್ಞಾನ ಮೇಷ್ಟ್ರನ್ನು ಹಿಡಿದುಕೊಳ್ಳಿ.

ಕೆಲವು ಎಚ್ಚರಿಕೆ ಕೂಡ ಹೇಳಬೇಕು. ಆಮೆ ಮೊಟ್ಟೆ, ಹವಳ, ಕಡಲಕುದುರೆ, ಇವನ್ನು ಮುಟ್ಟಬೇಡಿ, ಮನೆಗೆ ತರಬೇಡಿ. ವನ್ಯಜೀವಿ ಕಾಯ್ದೆಯಲ್ಲಿ ಅವುಗಳಿಗೆ ರಕ್ಷಣೆ ಇದೆ. ದಂಡೆಗೆ ಸತ್ತ ಡಾಲ್ಫಿನ್ ಅಥವಾ ಆಮೆ ಬಂದರೆ ದೂರದಿಂದ ಫೋಟೋ ತೆಗೆದು ಅರಣ್ಯ ಇಲಾಖೆಗೆ ಫೋನ್ ಮಾಡಿ. ಕಾರವಾರದಲ್ಲಿ ನೌಕಾನೆಲೆ ಇದೆ, ಆ ಕಡೆ ಕ್ಯಾಮೆರಾ, ಡ್ರೋನ್ ಏನೂ ಬೇಡ.

ಯಾವ ಓದು, ಎಲ್ಲಿ

ಕಡಲ ವಿಜ್ಞಾನ ಅಂದರೆ ಬರೀ ಮೀನು ಅಲ್ಲ. ಮಳೆಗಾಲದಲ್ಲಿ ದಂಡೆಯ ಮರಳು ಕೊಚ್ಚಿ ಹೋಗಿ ಚಳಿಗಾಲದ ಹೊತ್ತಿಗೆ ವಾಪಸ್ ಬರುವುದು ಯಾಕೆ ಅಂತ ತಲೆ ಕೆಡಿಸಿಕೊಳ್ಳುವವರಿಗೆ ಭೌತಶಾಸ್ತ್ರ ಬೇಕು. ನೀರಿನಲ್ಲಿ ಏನೇನು ಕರಗಿದೆ ಅನ್ನುವವರಿಗೆ ರಸಾಯನಶಾಸ್ತ್ರ. ತಳದ ಕೆಸರು, ಬಂಡೆ ಬೇಕಾದವರಿಗೆ ಭೂವಿಜ್ಞಾನ. ಉಪಗ್ರಹದ ಚಿತ್ರ ಓದುವವರಿಗೆ ಗಣಿತ, ಕಂಪ್ಯೂಟರ್. ಯಾವುದು ಕಡಲಿಗೆ ಹತ್ತಿರ ಅಂತ ನೋಡಬೇಡಿ, ಯಾವ ವಿಷಯದ ಮುಂದೆ ನೀವು ಬೇಸರವಿಲ್ಲದೆ ಗಂಟೆಗಟ್ಟಲೆ ಕೂರುತ್ತೀರಿ ಅಂತ ನೋಡಿ. ಎಲ್ಲದಕ್ಕೂ ಕಡಲಿನಲ್ಲಿ ಕೆಲಸ ಇದೆ.

ದಾರಿಗಳು ಹೀಗಿವೆ. ಪಿಯುಸಿಯಲ್ಲಿ ವಿಜ್ಞಾನ ತಗೊಂಡು, ಸಿಇಟಿ ಬರೆದು ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಬಿ.ಎಫ್.ಎಸ್ಸಿ. ಮಾಡಬಹುದು, 4 ವರ್ಷದ ಕೋರ್ಸು. ಇಲ್ಲವೇ ಕಾರವಾರ, ಕುಮಟಾ, ಶಿರಸಿ, ಎಲ್ಲಿ ಹತ್ತಿರವೋ ಅಲ್ಲಿ ಬಿ.ಎಸ್ಸಿ. ಮುಗಿಸಿ ಎಂ.ಎಸ್ಸಿ.ಗೆ ಕಡಲ ಕಡೆ ತಿರುಗಬಹುದು. ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗ ಕಾರವಾರದ ಕೋಡಿಬಾಗದಲ್ಲೇ ಇದೆ, ಧಾರವಾಡಕ್ಕೆ ಹೋಗಬೇಕಾಗಿಲ್ಲ. ಗೋವಾ ವಿಶ್ವವಿದ್ಯಾಲಯ ನಮಗೆ ಪಕ್ಕದ ಊರು. ಕೊಚ್ಚಿಯ ಕುಸ್ಯಾಟ್ ವಿಶ್ವವಿದ್ಯಾಲಯದಲ್ಲಿ ಸಮುದ್ರ ವಿಜ್ಞಾನದ ಬೇರೆ ಬೇರೆ ಶಾಖೆಗಳಿವೆ. ಎಂಜಿನಿಯರಿಂಗ್ ಓದಿದವರಿಗೆ ಸುರತ್ಕಲ್ಲಿನ ಎನ್‌ಐಟಿಕೆ, ಪಿಎಚ್‌ಡಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಾತಾವರಣ ಮತ್ತು ಸಾಗರ ವಿಜ್ಞಾನ ಕೇಂದ್ರ.

ಕೆಲಸ ನಡೆಯುವ ಜಾಗಗಳನ್ನೂ ತಿಳಿದಿರಿ. ಗೋವಾದ ದೋನಾ ಪಾವ್ಲಾದಲ್ಲಿ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ಇದೆ, 1966ರಲ್ಲಿ ಶುರುವಾದದ್ದು, ಎಲ್ಲರೂ ಎನ್‌ಐಒ ಅನ್ನುತ್ತಾರೆ. ಧ್ರುವ ಪ್ರದೇಶದ ಸಂಶೋಧನೆಗೆ ವಾಸ್ಕೋದಲ್ಲಿ ಎನ್‌ಸಿಪಿಒಆರ್. ಚೆನ್ನೈಯಲ್ಲಿ ಕಡಲ ತಂತ್ರಜ್ಞಾನದ ಸಂಸ್ಥೆ ಎನ್‌ಐಒಟಿ, 6000 ಮೀಟರ್ ಆಳಕ್ಕೆ 3 ಜನರನ್ನು ಇಳಿಸುವ ಮತ್ಸ್ಯ ಅನ್ನುವ ಮುಳುಗುವಾಹನ ತಯಾರಿಸುತ್ತಿರುವವರು ಅವರೇ. ಹೈದರಾಬಾದಿನ ಇನ್‌ಕಾಯ್ಸ್ ಸುನಾಮಿ ಎಚ್ಚರಿಕೆ ಕೊಡುತ್ತದೆ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ, ಅಂದರೆ ಸಿಎಂಎಫ್‌ಆರ್‌ಐನ ಕೇಂದ್ರ ನಮ್ಮ ಕಾರವಾರದಲ್ಲೇ ಇದೆ. ಕಡಲಲ್ಲಿ ಪಂಜರ ಕಟ್ಟಿ ಮೀನು ಸಾಕುವ ಕೆಲಸದಲ್ಲಿ ಅದಕ್ಕೆ ಹೆಸರಿದೆ. ಬಿ.ಎಸ್ಸಿ. ಓದುವಾಗಲೇ ಒಮ್ಮೆ ಅನುಮತಿ ಪತ್ರ ಕೊಟ್ಟು ಕಾಲೇಜಿನಿಂದ ಗುಂಪಾಗಿ ಹೋಗಿ ಬನ್ನಿ.

ಪಿಎಚ್‌ಡಿಗೆ ಫೆಲೋಶಿಪ್ ಬೇಕಾದರೆ ಸಿಎಸ್‌ಐಆರ್ ನೆಟ್ ಅನ್ನುವ ರಾಷ್ಟ್ರೀಯ ಪರೀಕ್ಷೆ ಬರೆಯಬಹುದು. ಜೀವ ವಿಜ್ಞಾನದ ಪೇಪರೂ ಇದೆ, ಭೂಮಿ, ವಾತಾವರಣ, ಸಾಗರ ಸೇರಿದ ಪೇಪರೂ ಇದೆ. ಅದರಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. 2023ರ ಜನವರಿಯಿಂದ ಜಾರಿಗೆ ಬಂದ ದರ ಇದು. ಹೆಣ್ಣುಮಕ್ಕಳಿಗೆ ಜೆಆರ್‌ಎಫ್ ವಯಸ್ಸಿನಲ್ಲಿ 5 ವರ್ಷ ರಿಯಾಯಿತಿ ಇದೆ. ಮಗಳು ಓದಲು ಹೋದರೆ ಮನೆಗೆ ಭಾರ ಅಂತ ಹೆದರುವ ಅಪ್ಪಂದಿರಿಗೆ ಈ ಅಂಕಿಗಳನ್ನು ತೋರಿಸಿ, ಮಾತು ಸುಲಭವಾಗುತ್ತದೆ.

ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಒಂದು ಮಾತು. ಇಂಗ್ಲಿಷ್ ಬರಲ್ಲ ಅಂತ ಹಿಂದೆ ಸರಿಯಬೇಡಿ. ಸಂಶೋಧನೆಯ ಇಂಗ್ಲಿಷ್ ತುಂಬ ಸೀಮಿತ, ಅದೇ ಶಬ್ದ, ಅದೇ ವಾಕ್ಯ ತಿರುಗಿ ತಿರುಗಿ ಬರುತ್ತವೆ. ವಾರಕ್ಕೊಂದು ಪ್ರಬಂಧ ಓದಿ, ಅದರ ಸಾರವನ್ನು ಹತ್ತು ಸಾಲು ಕನ್ನಡದಲ್ಲಿ ಬರೆದಿಡಿ. ಒಂದು ವರ್ಷದಲ್ಲಿ ಓದು ಸಲೀಸಾಗುತ್ತದೆ, ಬರೆಯುವ ಕೈಯೂ ಪಳಗುತ್ತದೆ. ಜೊತೆಗೆ ಪೈಥಾನ್ ಅಥವಾ ಆರ್, ಈ ಎರಡು ಕಂಪ್ಯೂಟರ್ ಭಾಷೆಗಳಲ್ಲಿ ಒಂದನ್ನು ಕಲಿಯಿರಿ. ಆರ್ಗೋ ಅನ್ನುವ ತೇಲುಯಂತ್ರಗಳು ಪ್ರಪಂಚದ ಕಡಲಿನಲ್ಲೆಲ್ಲ ಇವೆ. 2000 ಮೀಟರ್ ಆಳಕ್ಕೆ ಇಳಿದು, ಹತ್ತು ದಿನಕ್ಕೊಮ್ಮೆ ಮೇಲೆ ಬಂದು ನೀರಿನ ಬಿಸಿ, ಉಪ್ಪು ಎಷ್ಟು ಅಂತ ಉಪಗ್ರಹಕ್ಕೆ ಕಳಿಸುತ್ತವೆ. ಆ ಮಾಹಿತಿ ಎಲ್ಲರಿಗೂ ಪುಕ್ಕಟೆ. ಯಲ್ಲಾಪುರದ ಮನೆಯಲ್ಲಿ ಕೂತು ಅರಬ್ಬಿ ಸಮುದ್ರದ ಲೆಕ್ಕ ಮಾಡಬಹುದು.

ಗೈಡ್ ಆರಿಸುವಾಗ

ಪಿಎಚ್‌ಡಿಯಲ್ಲಿ ವಿಷಯಕ್ಕಿಂತ ಗೈಡ್ ಮುಖ್ಯ. ಇದನ್ನು ಯಾರೂ ಜೋರಾಗಿ ಹೇಳುವುದಿಲ್ಲ, ನಾನು ಹೇಳುತ್ತೇನೆ. ಸೇರುವ ಮೊದಲು ಆ ಲ್ಯಾಬಿನ ಹಳೇ ವಿದ್ಯಾರ್ಥಿನಿಯರಿಗೆ ಫೋನ್ ಮಾಡಿ. ಮೆಸೇಜ್ ಬೇಡ, ಫೋನೇ ಮಾಡಿ, ಬರೆಯುವಾಗ ಯಾರೂ ಪೂರ್ತಿ ಬಿಚ್ಚಿ ಹೇಳುವುದಿಲ್ಲ. ಪಿಎಚ್‌ಡಿ ಮುಗಿಸಲು ಎಷ್ಟು ವರ್ಷ ಆಯಿತು? ಹುಡುಗಿಯರನ್ನು ಹಡಗಿಗೆ ಕಳಿಸುತ್ತಾರಾ, ಇಲ್ಲ ಲ್ಯಾಬಿನಲ್ಲೇ ಕೂರಿಸುತ್ತಾರಾ? ಪ್ರಬಂಧದಲ್ಲಿ ಮೊದಲ ಹೆಸರು ಯಾರದ್ದು ಹಾಕಿದರು? ಹೊತ್ತಲ್ಲದ ಹೊತ್ತಲ್ಲಿ ಕರೆ ಬರುತ್ತಾ? ಇಬ್ಬರು ಮೂವರು ಒಂದೇ ಥರ ತಡವರಿಸಿದರೆ ಬೇರೆ ಕಡೆ ನೋಡಿ. ಫೆಲೋಶಿಪ್ ನಿಮ್ಮ ಹೆಸರಿನದ್ದು, ಅದನ್ನು ತಗೊಂಡು ಯಾವ ಒಳ್ಳೆ ಲ್ಯಾಬಿಗೂ ಹೋಗಬಹುದು.

ಎರಡು ನಿಯಮ ನೆನಪಿರಲಿ. ಯುಜಿಸಿಯ 2022ರ ಪಿಎಚ್‌ಡಿ ನಿಯಮದಲ್ಲಿ ಹೆಣ್ಣುಮಕ್ಕಳಿಗೆ ಮುಗಿಸಲು 2 ವರ್ಷ ಹೆಚ್ಚುವರಿ ಅವಕಾಶ ಇದೆ, ಹೆರಿಗೆ ಮತ್ತು ಮಗುವಿನ ಆರೈಕೆಗೆ ಒಟ್ಟು 240 ದಿನದವರೆಗೆ ರಜೆ ಇದೆ. ಮದುವೆ ಆದರೆ ಓದು ಮುಗೀತು ಅನ್ನುವವರ ಮುಂದೆ ಇದನ್ನಿಡಿ. ಇನ್ನೊಂದು, 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ಆಂತರಿಕ ಸಮಿತಿ ಇರಲೇಬೇಕು. ಸೇರಿದ ಮೊದಲ ವಾರವೇ ಅದರಲ್ಲಿ ಯಾರಿದ್ದಾರೆ ಅಂತ ನೋಡಿಟ್ಟುಕೊಳ್ಳಿ. ಸಂಶೋಧನಾ ಹಡಗೂ, ಫೀಲ್ಡ್ ಕ್ಯಾಂಪೂ ಕೆಲಸದ ಜಾಗವೇ.

ಹಡಗಿನಲ್ಲಿ ಹೆಣ್ಣುಮಕ್ಕಳು ಇರ್ತಾರಾ?

ಇರುತ್ತಾರೆ. ಆದರೆ ಸುಮ್ನೆ ಸಿಕ್ಕಿದ್ದಲ್ಲ ಅದು. ಅಟ್ಲಾಂಟಿಕ್ ಸಾಗರದ ತಳದ ನಕ್ಷೆ ಮಾಡಿದ ಮೇರಿ ಥಾರ್ಪ್ ಅವರಿಗೆ ಅಮೆರಿಕದಲ್ಲಿ ವರ್ಷಗಟ್ಟಲೆ ಹಡಗು ಹತ್ತಲು ಬಿಡಲಿಲ್ಲ. ಗಂಡಸರು ತಂದ ಆಳದ ಅಳತೆಗಳನ್ನು ಇಟ್ಟುಕೊಂಡು ಕೋಣೆಯಲ್ಲಿ ಕೂತು ಗೆರೆ ಎಳೆದರು. ಸಾಗರದ ನಡುವಿನ ಪರ್ವತಸಾಲಿನ ನೆತ್ತಿಯಲ್ಲಿ ಬಿರುಕು ಕಣಿವೆ ಇದೆ ಅಂತ ಅವರು ಕಂಡುಹಿಡಿದಾಗ ಜೊತೆಯ ವಿಜ್ಞಾನಿಯೇ ಹೆಂಗಸರ ಹರಟೆ ಅಂತ ತಳ್ಳಿಹಾಕಿದರು. ಆಮೇಲೆ ಒಪ್ಪಬೇಕಾಯಿತು. ಭೂಖಂಡಗಳು ಸರಿಯುತ್ತವೆ ಅನ್ನುವುದಕ್ಕೆ ಅದು ದೊಡ್ಡ ಸಾಕ್ಷಿಯಾಯಿತು. ನಮ್ಮ ದೇಶದ ಹವಾಮಾನ ವಿಜ್ಞಾನಿ ಅನ್ನಾ ಮಣಿ ಬೆಂಗಳೂರಿನಲ್ಲಿ ರಾಮನ್ ಅವರ ಲ್ಯಾಬಿನಲ್ಲಿ ದುಡಿದು ಪ್ರಬಂಧ ಒಪ್ಪಿಸಿದರೂ ಎಂ.ಎಸ್ಸಿ. ಇಲ್ಲ ಅಂತ ಪಿಎಚ್‌ಡಿ ಕೊಡಲಿಲ್ಲ. ಅವರು ಹವಾಮಾನ ಇಲಾಖೆ ಸೇರಿ ದೇಶದಲ್ಲೇ ಹವಾಮಾನದ ಉಪಕರಣಗಳನ್ನು ತಯಾರಿಸುವ ಹಾಗೆ ಮಾಡಿದರು. ಎನ್‌ಐಒದ ಸಮುದ್ರ ವಿಜ್ಞಾನಿ ಅದಿತಿ ಪಂತ್ ಮತ್ತು ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತಾ 1983ರಲ್ಲಿ ಹೊರಟ ಭಾರತದ ಮೂರನೇ ಅಂಟಾರ್ಕ್ಟಿಕ ಯಾತ್ರೆಯಲ್ಲಿದ್ದರು, ಅಲ್ಲಿಗೆ ಹೋದ ನಮ್ಮ ದೇಶದ ಮೊದಲ ಹೆಂಗಸರು ಅವರು. ಇವತ್ತು ಸಾಗರ ನಿಧಿ, ಸಿಂಧು ಸಾಧನಾದಂಥ ಹಡಗುಗಳಲ್ಲಿ ಹುಡುಗಿಯರು ಪಾಳಿ ಮೇಲೆ ಕೆಲಸ ಮಾಡುತ್ತಾರೆ.

ನಮ್ಮ ಕಡೆ ಮೀನು ಮಾರುವುದು, ಒಣಗಿಸುವುದು, ಬಳಚು ಹೆಕ್ಕುವುದು ಎಲ್ಲ ಹೆಂಗಸರದ್ದೇ. ಬೋಟು ಹತ್ತುವುದು ಮಾತ್ರ ಗಂಡಸರದ್ದು ಅನ್ನುವ ಲೆಕ್ಕ ಇದೆ. ಸ್ಥಳೀಯ ಬೋಟಿನಲ್ಲಿ ಸ್ಯಾಂಪಲ್ ತೆಗೆಯಬೇಕಾದರೆ ಬಂದರಿನಲ್ಲಿ ನಿಂತು ವಾದ ಮಾಡಬೇಡಿ. ಬೋಟು ನಡೆಸುವ ತಾಂಡೇಲರ ಮನೆಗೆ ಹೋಗಿ, ಮನೆಯ ಹೆಂಗಸರ ಹತ್ತಿರ ಕೂತು ಯಾಕೆ ಬೇಕು ಅಂತ ಹೇಳಿ. ನಾನು ನೋಡಿದ ಹಾಗೆ ಅರ್ಧ ಅನುಮತಿ ಅಡುಗೆಮನೆಯಲ್ಲೇ ಸಿಗುತ್ತದೆ. ಲೈಫ್ ಜಾಕೆಟ್ ಇಲ್ಲದೆ ಹತ್ತಬೇಡಿ, ಜೊತೆಗೆ ಇನ್ನೊಬ್ಬ ಹುಡುಗಿ ಇರಲಿ.

ದೊಡ್ಡ ಹಡಗಿನ ವಿಷಯ ಬೇರೆ. ವಾಂತಿ ಮಾತ್ರೆಯನ್ನು ಹಡಗು ಹೊರಡುವ ಮೊದಲೇ ತಗೋಬೇಕು, ತಲೆ ತಿರುಗಲು ಶುರುವಾದ ಮೇಲೆ ತಗೊಂಡರೆ ಪ್ರಯೋಜನ ಕಡಿಮೆ. ಯಾವುದು, ಎಷ್ಟು ಅಂತ ಡಾಕ್ಟರನ್ನು ಕೇಳಿ. ಖಾಲಿ ಹೊಟ್ಟೆ ಬೇಡ, ಒಣ ಬಿಸ್ಕೆಟ್, ಚಕ್ಕುಲಿ ಇಟ್ಟುಕೊಳ್ಳಿ. ಡೆಕ್ಕಿಗೆ ಬಂದು ದಿಗಂತ ನೋಡಿ. ಎರಡು ಮೂರು ದಿನದಲ್ಲಿ ಹೆಚ್ಚಿನವರಿಗೆ ಒಗ್ಗುತ್ತದೆ. ಮುಟ್ಟಿನ ಪ್ಯಾಡ್ ಬೇಕಾದ್ದಕ್ಕಿಂತ ದುಪ್ಪಟ್ಟು ತಗೊಂಡು ಹೋಗಿ, ನಡುಗಡಲಲ್ಲಿ ಅಂಗಡಿ ಇಲ್ಲ. ಯಾವುದನ್ನೂ ಕಮೋಡಿಗೆ ಹಾಕಬೇಡಿ. ಚೂಡಿದಾರದ ವೇಲ್, ಬಿಟ್ಟ ಕೂದಲು, ಬಳೆ ಡೆಕ್ಕಿನಲ್ಲಿ ಬೇಡವೇ ಬೇಡ, ಭಾರ ಎತ್ತಿ ಇಳಿಸುವ ವಿಂಚಿನ ತಂತಿ ಹತ್ತಿರ ಅಪಾಯ.

ಕೆಲಸ ಹೇಗಿರುತ್ತದೆ ಅಂತ ಒಂದನ್ನು ಮಾತ್ರ ಹತ್ತಿರದಿಂದ ಹೇಳುತ್ತೇನೆ. ಗುಂಡನೆ ಚೌಕಟ್ಟಿನಲ್ಲಿ 12 ಅಥವಾ 24 ದೊಡ್ಡ ಬಾಟಲಿ ಕಟ್ಟಿ ಆಳಕ್ಕೆ ಇಳಿಸುತ್ತಾರೆ, ಒಂದೊಂದು ಆಳದಲ್ಲಿ ಒಂದೊಂದು ಬಾಟಲಿ ಮುಚ್ಚಿಕೊಂಡು ಅಲ್ಲಿನ ನೀರು ಹಿಡಿದು ಬರುತ್ತದೆ. ರಾತ್ರಿ ಎರಡು ಗಂಟೆಗೂ ಬರಬಹುದು. ಮೇಲೆ ಬಂದ ಕೂಡಲೇ ಆಮ್ಲಜನಕದ ಸ್ಯಾಂಪಲ್ ಮೊದಲು, ಗಾಳಿ ಸೋಕಿದರೆ ಅಳತೆ ಕೆಡುತ್ತದೆ. ಉಪ್ಪಿನದ್ದು ಕೊನೆಗೆ. ಚಿಕ್ಕ ಗಾಜಿನ ಬಾಟಲಿಯ ತಳಕ್ಕೆ ರಬ್ಬರ್ ನಳಿಗೆ ಮುಟ್ಟಿಸಿ, ಒಂದು ಗುಳ್ಳೆಯೂ ಬರದ ಹಾಗೆ ತುಂಬಿ, ಸ್ವಲ್ಪ ಹೊತ್ತು ಉಕ್ಕಿ ಹರಿಯಲು ಬಿಡಬೇಕು. ಆಮೇಲೆ ಮ್ಯಾಂಗನೀಸ್ ದ್ರಾವಣ, ಕ್ಷಾರ ಬೆರೆತ ಅಯೋಡೈಡ್ ದ್ರಾವಣ ಹಾಕಿ ಮುಚ್ಚಿ ಅಲುಗಿಸಿದರೆ, ಮೇಲಿನ ನೀರಾದರೆ ಕಂದು ಬಣ್ಣದ ಗಸಿ ಕೂರುತ್ತದೆ. ಅರಬ್ಬಿ ಸಮುದ್ರದಲ್ಲಿ ಸುಮಾರು 150ರಿಂದ 1000 ಮೀಟರ್ ಆಳದವರೆಗೆ ಆಮ್ಲಜನಕ ತೀರಾ ಕಡಿಮೆ ಇರುವ ಪದರ ಒಂದಿದೆ. ಅಲ್ಲಿನ ನೀರಿಗೆ ಅದೇ ದ್ರಾವಣ ಹಾಕಿದರೆ ಗಸಿ ಬಿಳಿಯಾಗಿಯೇ ಉಳಿಯುತ್ತದೆ. ಈ ವಿಂಕ್ಲರ್ ವಿಧಾನ 1888ರದ್ದು. ಸಾಲಾಗಿ ಇಟ್ಟ ಬಾಟಲಿಗಳಲ್ಲಿ ಕಂದು ತೆಳುವಾಗುತ್ತ ಹೋಗಿ ಬಿಳಿಯಾಗುವುದನ್ನು ಕಣ್ಣಾರೆ ನೋಡಿದವರಿಗೆ ಆಮ್ಲಜನಕದ ಪಾಠ ಮತ್ತೆ ಬೇಕಾಗುವುದಿಲ್ಲ. ಆ ಬಾಟಲಿಗಳ ಫೋಟೋ ತೆಗೆದಿಡಿ. ಶಾಲೆಗೆ ಹೋದಾಗ ನೂರು ಮಾತಿನ ಕೆಲಸ ಅದೊಂದೇ ಮಾಡುತ್ತದೆ.

ಹೇಳುವ ಕೆಲಸ

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಭಾಗ. ಮೊದಲು ಯಾರಿಗೆ ಹೇಳುತ್ತಿದ್ದೀರಿ ಅಂತ ಗಟ್ಟಿ ಮಾಡಿಕೊಳ್ಳಿ. ಬಂದರಿನವರಿಗೆ ಮೀನು ಎಲ್ಲಿ, ಯಾವಾಗ, ಈ ವರ್ಷ ಯಾಕಿಲ್ಲ ಅನ್ನುವುದು ಬೇಕು. ಶಾಲೆ ಮಕ್ಕಳಿಗೆ ಕಣ್ಣಿಗೆ ಕಾಣುವುದು ಬೇಕು. ಪಂಚಾಯಿತಿಗೆ ಏನು ಮಾಡಬೇಕು ಅನ್ನುವುದು ಬೇಕು. ಒಂದೇ ಭಾಷಣ ಮೂರೂ ಕಡೆ ನಡೆಯುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ವರದಿಯಲ್ಲಿ ಹೀಗಿರುತ್ತದೆ: "ನೈಋತ್ಯ ಮುಂಗಾರಿನ ಅವಧಿಯಲ್ಲಿ ಕರಾವಳಿಯ ಊರ್ಧ್ವಮುಖ ಚಲನೆಯಿಂದಾಗಿ ಅಲ್ಪ ಆಮ್ಲಜನಕಯುಕ್ತ ಜಲರಾಶಿಯು ಭೂಖಂಡದ ಅಂಚಿನ ಮೇಲೆ ವ್ಯಾಪಿಸುತ್ತದೆ." ತಪ್ಪೇನಿಲ್ಲ, ಆದರೆ ಇದನ್ನು ತದಡಿಯಲ್ಲಿ ಓದಿದರೆ ಎರಡನೇ ಶಬ್ದಕ್ಕೇ ಜನ ಎದ್ದು ಹೋಗುತ್ತಾರೆ. ನಾನಾದರೆ ಹೀಗೆ ಹೇಳುತ್ತೇನೆ: "ಮಳೆಗಾಲದಲ್ಲಿ ಆಳದ ತಣ್ಣನೆ ನೀರು ನಮ್ಮ ದಂಡೆ ಕಡೆ ಏರಿ ಬರುತ್ತದೆ. ಅದರಲ್ಲಿ ಗೊಬ್ಬರದ ಅಂಶ ಜಾಸ್ತಿ, ಅದಕ್ಕೇ ಆಮೇಲೆ ಮೇವು ಬೆಳೆದು ತಾರ್ಲೆ, ಬಂಗಡೆ ಬರುತ್ತವೆ. ಆದರೆ ಆ ನೀರಿನಲ್ಲಿ ಉಸಿರಾಡಲು ಆಮ್ಲಜನಕ ಕಡಿಮೆ. ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿದರೆ ತಳದ ಮೀನಿಗೆ ನಿಲ್ಲಲಾಗುವುದಿಲ್ಲ, ಜಾಗ ಬಿಟ್ಟು ಹೋಗುತ್ತದೆ." ಅಂಕಿ ಒಂದೇ ಇದೆ ನೋಡಿ. ಒಂದು ಮಾತಿಗೆ ಒಂದು ಅಂಕಿ ಸಾಕು. ಇದನ್ನು ಹೇಳಿ ಸುಮ್ಮನಾಗಿ. ಮುಂದಿನ ಮಾತು ಅವರದ್ದೇ ಬರುತ್ತದೆ: ಯಾವ ವರ್ಷ ಯಾವ ಕಡೆ ಲೇಪೆ ಮೀನು ಹಠಾತ್ತನೆ ಬಂತು, ಎಲ್ಲಿ ಬಲೆ ಖಾಲಿ ಬಂತು ಅಂತ. ನೋಟ್‌ಬುಕ್ ತೆಗೆದು ಬರೆದುಕೊಳ್ಳಿ. ಎಷ್ಟೋ ಸಲ ನಿಮ್ಮ ಮುಂದಿನ ಸಂಶೋಧನೆಯ ಪ್ರಶ್ನೆ ಅಲ್ಲೇ ಸಿಗುತ್ತದೆ.

ಗೊತ್ತಿದ್ದಷ್ಟೇ ಹೇಳಿ. ಒಂದು ವರ್ಷ ತಾರ್ಲೆ ಕಡಿಮೆಯಾದರೆ ತಕ್ಷಣ ಹವಾಮಾನ ಬದಲಾವಣೆ ಅನ್ನಬೇಡಿ. ಮೇವು, ಮಳೆ, ನೀರಿನ ಬಿಸಿ, ಹಿಡಿದ ಪ್ರಮಾಣ, ಸಣ್ಣ ಮೀನು ಹಿಡಿದದ್ದು ಎಲ್ಲ ಸೇರಿರುತ್ತದೆ. "ಇಷ್ಟು ಖಚಿತ, ಇಷ್ಟು ಇನ್ನೂ ನೋಡಬೇಕು" ಅಂತ ಬಿಡಿಸಿ ಹೇಳಿದರೆ ಜನ ನಿಮ್ಮನ್ನು ನಂಬುತ್ತಾರೆ. ದೊಡ್ಡ ಸುತ್ತುಬಲೆಯ ಪರ್ಸಿನ್ ಬೋಟು, ದಂಡೆಯಿಂದ ಎಳೆಯುವ ಯೇಂಡಿ ಬಲೆಯವರ ನಡುವಿನ ಜಗಳದಲ್ಲಿ ನಿಮ್ಮ ಒಂದು ಸಾಲನ್ನು ಹಿಡಿದು ಎಳೆದಾಡುತ್ತಾರೆ. ಅದಕ್ಕೇ ಬರೆಯುವ ಮೊದಲು ಎರಡೂ ಕಡೆಯವರ ಹತ್ತಿರ ಮಾತಾಡಿ.

ಇನ್‌ಕಾಯ್ಸ್ ಕೊಡುವ ಮೀನು ಸಿಗುವ ಜಾಗದ ಸೂಚನೆ ಕನ್ನಡದಲ್ಲೂ ಸಿಗುತ್ತದೆ. ಉಪಗ್ರಹ ನೋಡಿದ ಮೇಲ್ನೀರಿನ ಬಿಸಿ, ನೀರಿನ ಹಸಿರು ಎರಡನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ. ಹಸಿರು ಇದ್ದಲ್ಲಿ ಮೇವು, ಮೇವು ಇದ್ದಲ್ಲಿ ಮೀನು. ಮೋಡ ಕವಿದರೆ ಉಪಗ್ರಹಕ್ಕೆ ಕಡಲು ಕಾಣುವುದಿಲ್ಲ. ಇಷ್ಟನ್ನು ಬಿಡಿಸಿ ಹೇಳುವವರೇ ಬಂದರಿನಲ್ಲಿ ಕಡಿಮೆ. ಓದುತ್ತಿರುವಾಗಲೇ ನೀವು ಮಾಡಬಹುದಾದ ಕೆಲಸ ಇದು.

ಗಾಳಿಸುದ್ದಿ ಬಂದಾಗ ಬೇಗ ಬರೆಯಿರಿ. ರಾತ್ರಿ ಅಲೆ ನೀಲಿಯಾಗಿ ಹೊಳೆಯಿತು ಅಂತ ಊರಿನ ವಾಟ್ಸಾಪ್ ಗುಂಪಿಗೆ ವಿಡಿಯೋ ಬರುತ್ತದೆ, ಕಡಲಿಗೆ ಕೆಮಿಕಲ್ ಬಿಟ್ಟಿದ್ದಾರೆ ಅಂತ ಹಿಂದೆಯೇ ಮಾತು ಹರಡುತ್ತದೆ. ಅದು ಬಹುಮಟ್ಟಿಗೆ ನಾಕ್ಟಿಲುಕಾ ಅನ್ನುವ ಒಂಟಿಕೋಶದ ಜೀವಿ, ಅಲುಗಾಡಿದಾಗ ಬೆಳಕು ಬಿಡುತ್ತದೆ. ದೊಡ್ಡವು ಬರಿಗಣ್ಣಿಗೂ ಚುಕ್ಕಿಯ ಹಾಗೆ ಕಾಣುತ್ತವೆ. ತೀರಾ ದಟ್ಟವಾಗಿ ಬೆಳೆದರೆ ಆಮ್ಲಜನಕ ಕಡಿಮೆಯಾಗಿ ಮೀನಿಗೆ ತೊಂದರೆ ಆಗಬಹುದು, ಅದನ್ನೂ ಮುಚ್ಚಿಡಬೇಡಿ. ಒಂದು ಬಾಟಲಿ ನೀರು ತಂದು ಸೂಕ್ಷ್ಮದರ್ಶಕದಲ್ಲಿ ನೋಡಿ, ಖಚಿತ ಮಾಡಿಕೊಂಡು, ಅದರ ಫೋಟೋ ಸಮೇತ ಆರು ಸಾಲು ಬರೆದು ಅದೇ ಗುಂಪಿಗೆ ಹಾಕಿ.

ರೇಡಿಯೋವನ್ನು ಹಗುರವಾಗಿ ತಗೋಬೇಡಿ. ಬಲೆ ಹೆಣೆಯುವಾಗ, ಮೀನು ಒಣಗಿಸುವಾಗ ಕಣ್ಣು ಕೈ ಎರಡೂ ಕೆಲಸದಲ್ಲಿರುತ್ತವೆ, ಕಿವಿ ಮಾತ್ರ ಬಿಡುವು. ಆಕಾಶವಾಣಿ ಕಾರವಾರಕ್ಕೆ ವಿಷಯ, ಸಾರಾಂಶ ಬರೆದು ಕಳಿಸಿ. ಅಮೆರಿಕದ ರೇಚಲ್ ಕಾರ್ಸನ್ 1930ರ ದಶಕದಲ್ಲಿ ಅಲ್ಲಿನ ಮೀನುಗಾರಿಕೆ ಇಲಾಖೆಗೆ ಕೆಲಸ ಶುರು ಮಾಡಿದ್ದೇ ಕಡಲ ಜೀವಿಗಳ ಬಗ್ಗೆ ರೇಡಿಯೋಗೆ ಬರೆದುಕೊಟ್ಟು. ಬರೆದದ್ದನ್ನು ಮನೆಯಲ್ಲಿ ಜೋರಾಗಿ ಓದಿ, ಉಸಿರು ಸಿಕ್ಕಿಕೊಂಡ ಕಡೆ ವಾಕ್ಯ ಮುರಿಯಿರಿ. ಮೊಬೈಲಲ್ಲಿ ವಿಡಿಯೋ ಮಾಡುವುದಾದರೆ ಬೆಳಿಗ್ಗೆ ಮಾಡಿ, ಮಧ್ಯಾಹ್ನದ ಮೇಲೆ ಕಡಲಗಾಳಿ ಎದ್ದು ಮಾತೇ ಕೇಳುವುದಿಲ್ಲ.

ಕೆಲವು ಮರ್ಯಾದೆಗಳಿವೆ. ಇನ್ನೂ ಪ್ರಕಟವಾಗದ ಲೆಕ್ಕವನ್ನು ಗೈಡ್ ಒಪ್ಪಿಗೆ ಇಲ್ಲದೆ ಹೊರಗೆ ಹಾಕಬೇಡಿ. ಬಳಚು ಹೆಕ್ಕುವವರ ಫೋಟೋ ಕೇಳಿಯೇ ತೆಗೆಯಿರಿ. ತಾಂಡೇಲರು ನಂಬಿ ತೋರಿಸಿದ ಮೀನಿನ ಜಾಗವನ್ನು ಜಿಪಿಎಸ್ ಅಂಕಿ ಸಮೇತ ಎಲ್ಲೂ ಹಾಕಬೇಡಿ. ಅದು ಅವರ ಮನೆಯ ಅನ್ನ. ಹೆಣ್ಣುಮಗಳು ಮುಖ ತೋರಿಸಿ ಮಾತಾಡಿದರೆ ವಿಜ್ಞಾನ ಬಿಟ್ಟು ಬಟ್ಟೆ, ಬಣ್ಣದ ಬಗ್ಗೆ ಬರೆಯುವವರು ಬಂದೇ ಬರುತ್ತಾರೆ. ಉತ್ತರ ಕೊಡಬೇಡಿ, ಅಳಿಸಿ, ಬ್ಲಾಕ್ ಮಾಡಿ. ಬೆದರಿಕೆ ಇದ್ದರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ದೂರು ಕೊಡಿ.

ನೌಕರಿ

ಅಮ್ಮಂದಿರ ಪ್ರಶ್ನೆಗೆ ನೇರ ಉತ್ತರ: ಇದೆ, ಆದರೆ ಕಾಯಬೇಕು. ಮೇಲೆ ಹೇಳಿದ ಸಂಸ್ಥೆಗಳಲ್ಲಿ ವಿಜ್ಞಾನಿ ಹುದ್ದೆ ಕಡಿಮೆ, ಸ್ಪರ್ಧೆ ಹೆಚ್ಚು. ಪ್ರಾಜೆಕ್ಟ್ ಕೆಲಸ ಮೊದಲು ಸಿಗುತ್ತದೆ, ಅದು ಕಾಯಂ ಅಲ್ಲ ಅನ್ನುವುದನ್ನು ಮನೆಯಲ್ಲಿ ಮೊದಲೇ ಹೇಳಿರಿ. ರಾಜ್ಯ ಮೀನುಗಾರಿಕೆ ಇಲಾಖೆ, ಕಾಲೇಜು ಉಪನ್ಯಾಸಕಿ, ಸಿಗಡಿ ಮರಿ ಕೇಂದ್ರ, ಪರಿಸರ ಸಮೀಕ್ಷೆಯ ಕಂಪನಿ, ಮೀನು ರಫ್ತಿನ ಗುಣಮಟ್ಟದ ಲ್ಯಾಬ್ ಕೂಡ ದಾರಿಗಳೇ. ಬರೆಯಲು, ಮಾತಾಡಲು ಬರುವವರಿಗೆ ಸಂಸ್ಥೆಗಳ ಪ್ರಚಾರ ವಿಭಾಗ, ವಿಜ್ಞಾನ ಕೇಂದ್ರಗಳಲ್ಲೂ ಅವಕಾಶ ಇದೆ. ಅದಕ್ಕೇ ಕೊಟ್ಟ ಪ್ರತಿ ಭಾಷಣ, ಬರೆದ ಪ್ರತಿ ಲೇಖನದ ದಿನಾಂಕ, ಜಾಗ ಒಂದು ಫೈಲಿನಲ್ಲಿ ಬರೆದಿಡಿ, ಅರ್ಜಿ ಹಾಕುವಾಗ ಕೆಲಸಕ್ಕೆ ಬರುತ್ತದೆ.

ಪ್ರಬಂಧ ಪ್ರಕಟವಾದ ವಾರವೇ ಒಂದು ಪುಟದ ಕನ್ನಡ ಸಾರಾಂಶ ಮಾಡಿ. ನಾವು ಏನು ಕೇಳಿದೆವು, ಎಲ್ಲಿ ಅಳೆದೆವು, ಏನು ಕಂಡಿತು, ನಿಮಗೆ ಇದರಿಂದ ಏನು, ಇಷ್ಟೇ. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಮೀನುಗಾರರ ಸಹಕಾರಿ ಸಂಘದ ಬೋರ್ಡಿಗೆ ಹಚ್ಚಿ, ಸ್ಯಾಂಪಲ್ ಕೊಟ್ಟ ಬೋಟಿನವರ ಕೈಗೆ ಒಂದು ಪ್ರತಿ ಕೊಡಿ, ಬಳಚಿನ ಕೆಲಸವಾದರೆ ಹೆಂಗಸರು ಕೂಡುವ ದಕ್ಕೆಗೇ ಹೋಗಿ ಓದಿ ಹೇಳಿ. ಅವರಿಗೆ ಬಿಡುವಿರುವುದು ಭರತಿಯ ಹೊತ್ತಲ್ಲಿ, ಇಳಿತದಲ್ಲಿ ಹೋದರೆ ಯಾರೂ ಸಿಗುವುದಿಲ್ಲ.